ಪುಣೆಯ ಔಂಧ್‌ನಲ್ಲಿ ಪರಿಹಾರ್ ಚೌಕ್ ಹತ್ರದ ಫಿಸಿಯೋ ಕ್ಲಿನಿಕ್: ಮಂಡಿ ಆಪರೇಷನ್ ಆದವರು ಧೈರ್ಯವಾಗಿ ಹೋಗಿ

ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಅಪ್ಪ ಅಮ್ಮನ್ನ ಪುಣೆಗೆ ಕರೆಸ್ಕೊಂಡು ಮಂಡಿ ರಿಪ್ಲೇಸ್‌ಮೆಂಟ್ ಮಾಡ್ಸೋರು ತುಂಬಾ ಜನ ಇದ್ದೀವಿ. ಎಲ್ರೂ ವಿಚಾರ್ಸೋದು ಸರ್ಜನ್ ಯಾರು, ಇಂಪ್ಲಾಂಟ್ (ಒಳಗೆ ಕೂರ್ಸೋ ಕೃತಕ ಕೀಲು) ಯಾವ ಕಂಪನಿದು, ಪ್ಯಾಕೇಜ್ ಎಷ್ಟು ಅಂತ. ಇಂಪ್ಲಾಂಟ್ ರೇಟಿಗೆ 2017ರಲ್ಲೇ ಸರ್ಕಾರ ಮಿತಿ ಹಾಕಿದೆ, ಅದರ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ಳೋ ಬದ್ಲು ಆಪರೇಷನ್ ಆದ್ಮೇಲಿನ ಮೊದಲ ಆರು ವಾರ ವ್ಯಾಯಾಮ ಯಾರು ಮಾಡಿಸ್ತಾರೆ ಅಂತ ಕೇಳಿ, ಯಾಕಂದ್ರೆ ಕಾಲು ಎಷ್ಟು ಮಡಚತ್ತೆ ಅನ್ನೋದು ಬಹುಪಾಲು ಆ ವಾರಗಳಲ್ಲೇ ಗೊತ್ತಾಗತ್ತೆ.

ಅಮ್ಮನಿಗೆ ಬಲಗಾಲಿನ ಮಂಡಿ ಆಪರೇಷನ್ ಆಗಿತ್ತು. ಡಿಸ್ಚಾರ್ಜ್ ಆಗಿ ಬಂದಾಗಿಂದ ಒಂದೇ ಮಾತು, "ಮಡಚಿದ್ರೆ ಹೊಲಿಗೆ ಬಿಚ್ಕೊಳ್ಳತ್ತೆ ಕಣಪ್ಪ, ನನ್ ಕೈಲಾಗಲ್ಲ ಬಿಡು." ಬೇರೆ ಒಂದು ಸೆಂಟರ್‌ನೋರು ಮೆಷಿನ್ ಪ್ಯಾಕೇಜ್ ಹೇಳಿದ್ರು, ಕಾಲನ್ನ ಮೆಷಿನ್ ಮೇಲೆ ಇಟ್ಕೊಂಡು ಮಲಗಿದ್ರೆ ಸಾಕು, ಅದೇ ಮಡಚಿ ಬಿಚ್ಚತ್ತೆ ಅಂತ. ಅಮ್ಮನಿಗೆ ಅದೇ ಬೇಕಿತ್ತು. ಆದ್ರೆ ಆ ಮೆಷಿನ್ನಿಂದ ಹೇಳ್ಕೊಳ್ಳೋ ಅಂಥ ಲಾಭ ಇಲ್ಲ ಅಂತ ಸಂಶೋಧನೆಗಳಲ್ಲಿ ಬಂದಿದೆ, ತೊಡೆ ಸ್ನಾಯುಗೆ ಅದ್ರಿಂದ ಶಕ್ತಿನೂ ಬರಲ್ಲ. ಅದಕ್ಕೇ ಈ ಕ್ಲಿನಿಕ್‌ಗೆ ಫೋನ್ ಮಾಡಿದ್ದು.

ಇವ್ರು ಶುರುನಲ್ಲಿ ಮನೆಗೇ ಬರ್ತಾರೆ. ಬಂದ ಮೇಡಂ ಮೊದ್ಲು ಮಾಡಿದ್ದು ಮಂಡಿ ಕೆಳಗಿದ್ದ ದಿಂಬು ತೆಗೆದು ಹಿಮ್ಮಡಿ ಕೆಳಗೆ ಇಟ್ಟಿದ್ದು. ನೋಡೋಕೆ ಬಂದವರೆಲ್ಲ ಪಾಪ ಆರಾಮಾಗಿರ್ಲಿ ಅಂತ ಮಂಡಿ ಕೆಳಗೇ ದಿಂಬು ಕೊಡೋರು, ಹಾಗೇ ಬಿಟ್ರೆ ಕಾಲು ಪೂರ್ತಿ ನೆಟ್ಟಗಾಗಲ್ಲ, ಆಮೇಲೆ ಜೀವನಪೂರ್ತಿ ಕುಂಟಿಕೊಂಡೇ ನಡೀಬೇಕಾಗಬಹುದಂತೆ. ಹೊಲಿಗೆ ಭಯ ಹೇಳಿದ್ದಕ್ಕೆ ಅವ್ರು ನಗ್ಲಿಲ್ಲ, ಗದರ್ಲೂ ಇಲ್ಲ. ಆಪರೇಷನ್ ಆದ್ಮೇಲಿನ ಎಕ್ಸ್‌ರೇನ ಹೊರಗೆ ತೆಗ್ಸಿ ತೋರ್ಸಿ, ಒಳಗಿನ ಕೀಲನ್ನ ಕೂರ್ಸಿರೋದು ಸಿಮೆಂಟ್‌ನಿಂದ, ಅದು ಆಪರೇಷನ್ ಟೇಬಲ್ ಮೇಲೇ ಗಟ್ಟಿ ಆಗಿಬಿಟ್ಟಿದೆ, ಹೊಲಿಗೆ ಇರೋದು ಮೇಲೆ, ಅಂತ ಹಿಂದೀಲಿ ಹೇಳಿದ್ರು, ನಾನು ಕನ್ನಡದಲ್ಲಿ ಹೇಳ್ತಾ ಹೋದೆ. ಅಮ್ಮ ಆ ಎಕ್ಸ್‌ರೇನ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ರು. ಆಮೇಲೆ ತಾವಾಗೇ ಹಿಮ್ಮಡಿ ಎಳ್ಕೊಂಡು ಮಡಚಿದ್ರು, 60 ಡಿಗ್ರಿ ಕೂಡ ಬರ್ಲಿಲ್ಲ (ಕಾಲು ನೆಟ್ಟಗಿದ್ರೆ ಸೊನ್ನೆ ಅಂತ ಲೆಕ್ಕ), ಆದ್ರೂ ಮಡಚಿದ್ರು.

ಇನ್ನೊಂದು ಮುಖ್ಯ ವಿಷ್ಯ. ನೋವಿನ ಮಾತ್ರೆ ತಗೊಂಡ್ರೆ ಅಭ್ಯಾಸ ಆಗಿಬಿಡತ್ತೆ ಅಂತ ಅಮ್ಮ ಹಲ್ಲು ಕಚ್ಕೊಂಡು ಇರ್ತಿದ್ರು. ಮೇಡಂ ಸರ್ಜನ್ ಹತ್ರ ಮಾತಾಡಿ ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ ಮಾತ್ರೆ, ಆದ್ಮೇಲೆ 15-20 ನಿಮಿಷ ಐಸ್ ಅಂತ ಟೈಮ್ ಹಾಕಿಕೊಟ್ರು. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ರೋಗಿಗೆ ಎಲ್ರೂ ಹೇಳ್ತಾರೆ, ನೋವು ತಡೆಯೋಕೆ ಆಗದೇ ಇದ್ರೆ ಮನಸ್ಸು ಎಲ್ಲಿಂದ ಗಟ್ಟಿ ಆಗತ್ತೆ ಹೇಳಿ? ಮಾತ್ರೆ ಟೈಮಿಗೆ ಸರಿಯಾಗಿ ಹೋದ್ಮೇಲೆ ಅಮ್ಮನಿಗೆ ಧೈರ್ಯ ಬಂತು, ಧೈರ್ಯ ಬಂದ್ಮೇಲೆ ಕಾಲು ಮಡಚ್ತು. ಒಂದಿನ ಊತ ಜಾಸ್ತಿ ಆದಾಗ ಮೇಡಂ ಅವ್ರೇ ವ್ಯಾಯಾಮ ಅರ್ಧಕ್ಕೆ ನಿಲ್ಲಿಸಿ ಮೀನಖಂಡ ಒತ್ತಿ ನೋಡಿದ್ರು, ರಕ್ತ ಹೆಪ್ಪುಗಟ್ಟಿದ್ರೆ ಅಲ್ಲಿ ಊತ, ನೋವು ಬರತ್ತಂತೆ, ಆ ಥರ ಇದ್ರೆ ನನಗೆ ಫೋನ್ ಮಾಡ್ಕೊಂಡು ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂದ್ರು. ಪುಣ್ಯಕ್ಕೆ ಹಂಗೇನೂ ಆಗಿರ್ಲಿಲ್ಲ.

ಕ್ಲಿನಿಕ್‌ಗೆ ಹೋಗೋಕೆ ಶುರು ಮಾಡಿದ್ಮೇಲೆ ಸೊಲ್ಲಾಪುರದ ಒಬ್ರು ಅಜ್ಜ ಸಿಕ್ರು, ಎರಡೂ ಮಂಡಿ ಮಾಡ್ಸಿದವ್ರು. ಮೇಡಂ ಕೋನ ಅಳೆಯೋ ಸ್ಕೇಲ್ ಇಡ್ತಿದ್ದಂಗೆ ಅಜ್ಜ ಆ ಕಡೆ ಬೆಡ್ಡಿಂದ "ಎಷ್ಟ್ ಬಂತ್ರೀ ಅಕ್ಕಾರ?" ಅನ್ನೋರು, ಅಮ್ಮನಿಗೆ ಅವ್ರಿಗಿಂತ ಐದು ಡಿಗ್ರಿ ಜಾಸ್ತಿ ಬರ್ಬೇಕು ಅನ್ನೋ ಹಟ. ಮಾತಾಡೋಕೆ ನಮ್ಮ ಭಾಷೆಯವ್ರು ಸಿಕ್ಕಿದ್ದು ಅಮ್ಮನಿಗೆ ಎಷ್ಟು ಒಳ್ಳೇದು ಮಾಡ್ತು ಅಂತ ನಾನು ಕಣ್ಣಾರೆ ನೋಡಿದೀನಿ.

ನಿಮಗೆ ಏನು ಮಾಡೋಕೆ ಆಗ್ಬೇಕು ಅಂತ ಕೇಳಿದಾಗ ಅಮ್ಮ, ಊರಲ್ಲಿ ಮಹಡಿ ಹತ್ತಿ ಸಂಡಿಗೆ ಹಾಕ್ಬೇಕು ಅಂದಿದ್ರು, ಅದಕ್ಕೇ ಮೆಟ್ಟಿಲು ಪ್ರಾಕ್ಟೀಸ್ ಜಾಸ್ತಿ ಮಾಡಿಸಿದ್ರು. ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ನೆಲದ ಮೇಲೆ ಕೂತು ಪೂಜೆ ಮಾತ್ರ ಬೇಡ, ಕುರ್ಚಿ ಹಾಕ್ಕೊಳ್ಳಿ ಅಂತ ಖಡಾಖಂಡಿತ ಹೇಳಿದ್ರು. ಈಗ 110 ಡಿಗ್ರಿ ದಾಟಿದೆ, ಸೋಫಾದಿಂದ ಕೈ ಊರದೇ ಏಳ್ತಾರೆ.

ತೊಂದ್ರೆ ಅಂದ್ರೆ ಕ್ಲಿನಿಕ್ ಇರೋದು ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಮಂಡಿ ರೋಗಿಗಳು ಬರೋ ಜಾಗಕ್ಕೆ ಇದು ಖಂಡಿತ ಸರಿಯಲ್ಲ, ಅವ್ರಿಗೂ ಹೇಳಿದೀನಿ. ಸಂಜೆ ಪಾರ್ಕಿಂಗ್ ಸಿಗೋದೇ ಇಲ್ಲ, ಬೆಳಗ್ಗೆ ಸ್ಲಾಟ್ ತಗೊಳ್ಳಿ, ಆಟೋದಲ್ಲಿ ಹೋಗೋದು ವಾಸಿ. ಬಿಲ್ ಸರಿಯಾಗಿ ಕೊಡ್ತಾರೆ. ಎಷ್ಟೋ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ಆದ್ಮೇಲಿನ 60 ಅಥವಾ 90 ದಿನದ ಖರ್ಚು ಕ್ಲೇಮ್ ಮಾಡ್ಬಹುದು, ಫಿಸಿಯೋ ಅದ್ರಲ್ಲಿ ಸೇರತ್ತಾ ನೋಡ್ಕೊಳ್ಳಿ, ಸರ್ಜನ್ ಹತ್ರ ಫಿಸಿಯೋ ಬೇಕು ಅಂತ ಚೀಟಿ ಬರೆಸ್ಕೊಂಡು ಇಟ್ಕೊಂಡಿರಿ.