ಸೋರದ ರೇಡಿಯೇಟರ್, ಕುದಿಯುವ ಗಾಡಿ: ನಾಲ್ಕು ವರ್ಷದ ಬಳಕೆ

ನನ್ನ 1924ರ ಮಾಡೆಲ್ ಟಿ ಫೋರ್ಡ್‌ನ ರೇಡಿಯೇಟರಿಗೆ ಹೊಸ ಕೋರ್ (ನೀರು ತಣಿಸುವ ಕೊಳವೆಗಳ ಜಾಲ) ಹಾಕಿಸಿ ನಾಲ್ಕು ವರ್ಷವಾಯಿತು. 22,000 ರೂಪಾಯಿ, ನನ್ನ ಪಿಂಚಣಿಗೆ ದೊಡ್ಡ ಏಟು. ಥಳಥಳಿಸುವ ತಾಮ್ರ, ಒಂದು ಹನಿ ಸೋರಿಕೆಯಿಲ್ಲ. ನೋಡಿ ಮರುಳಾದೆ.

ಮೊದಲ ವರ್ಷವನ್ನು ಬೈದುಕೊಂಡೇ ಕಳೆದೆ. ನಂದಿ ಬೆಟ್ಟದ ತಿರುವುಗಳನ್ನು ಎಡ ಪೆಡಲ್ ಒತ್ತಿಹಿಡಿದೇ, ಅಂದರೆ ಈ ಗಾಡಿಯ ಕೆಳಗಿನ ಗೇರಿನಲ್ಲೇ, ಏರಬೇಕು. ಎಂಜಿನ್ ಅರಚುತ್ತದೆ, ವೇಗ ಎತ್ತಿನ ಗಾಡಿಯದು, ಗಾಳಿ ಸಾಲದು. ಅರ್ಧ ದಾರಿಗೇ ಮುಚ್ಚಳದ ತಾಪಮಾಪಕದಲ್ಲಿ ಕೆಂಪು ಗೆರೆ ನೆತ್ತಿಗೇರುತ್ತಿತ್ತು. ಈ ಗಾಡಿಗೆ ನೀರಿನ ಪಂಪ್ ಇಲ್ಲ. ಮೊದಲ ಎರಡೂವರೆ ಸಾವಿರ ಗಾಡಿಗಳ ನಂತರ, 1909ರಲ್ಲಿ, ಫೋರ್ಡ್ ಅದನ್ನು ಕೈಬಿಟ್ಟಿತು. ಕಾದ ನೀರು ತಾನೇ ಮೇಲೇರಿ, ತಣಿದು ಇಳಿಯಬೇಕು. ಮುಚ್ಚಳದಲ್ಲಿ ಒತ್ತಡವೂ ನಿಲ್ಲುವುದಿಲ್ಲ. ಹಾಗಾಗಿ ಬೆಂಗಳೂರಿನ ಎತ್ತರದಲ್ಲಿ ಸುಮಾರು 97 ಡಿಗ್ರಿಗೇ ಕುದಿ.

ಸ್ಪಾರ್ಕ್ ಲಿವರನ್ನು ಹಿಂದಿಟ್ಟು, ಅಂದರೆ ಎಂಜಿನ್ನಿನ ಕಿಡಿಯನ್ನು ತಡಮಾಡಿ, ಓಡಿಸುತ್ತೀರಿ ಎಂದು ಅಂಗಡಿಯವರು ತಪ್ಪನ್ನು ನನ್ನ ತಲೆಗೇ ಕಟ್ಟಿದರು. ಅದರಿಂದಲೂ ಎಂಜಿನ್ ಕಾಯುತ್ತದೆ, ನಿಜ. ಆದರೆ ಆ ಲಿವರ್ ಮೂವತ್ತು ವರ್ಷದಿಂದ ನನ್ನ ಕೈಯಲ್ಲಿದೆ!

ಒಂದು ಸಂಜೆ, ಗಾಡಿ ನಿಲ್ಲಿಸಿದ ಕೂಡಲೇ ಮುಂದಿನಿಂದ ಬೆರಳಿಟ್ಟು ನೋಡಿದೆ. ಕೊಳವೆ ಸುಡುತ್ತಿತ್ತು, ಅದರ ಮೇಲಿನ ಫಿನ್, ಅಂದರೆ ಕಾವನ್ನು ಗಾಳಿಗೆ ಬಿಡುವ ತೆಳು ತಗಡು, ಉಗುರುಬೆಚ್ಚಗಿತ್ತು. ಉಗುರಿನಿಂದ ತಳ್ಳಿದರೆ ಫಿನ್ ಬಳೆಯಂತೆ ಜಾರಿತು. ಬೆಸುಗೆಯೇ ಇಲ್ಲ, ಬರೀ ತೂರಿಸಿದ್ದರು.

ಶಿವಾಜಿನಗರದ ಕಡೆ ಹಳೆಯ ಬೆಸುಗೆಗಾರರೊಬ್ಬರು ಸಿಕ್ಕರು. "ನೀರು ಸೋರದಿದ್ದರೆ ಆಯಿತೇ ಸಾರ್, ಕಾವು ಸೋರಬೇಡವೇ?" ಎಂದು ನಕ್ಕು, ಇಡೀ ಕೋರನ್ನು ತವರ-ಸೀಸದ ಪಾಕದಲ್ಲಿ ಅದ್ದಿ ತೆಗೆದರು. 6,000 ರೂಪಾಯಿ.

ಅಲ್ಲಿಂದ ಈ ರೇಡಿಯೇಟರಿನ ಮೇಲೆ ಅಕ್ಕರೆ ಹುಟ್ಟಿದೆ. ಭಾನುವಾರ ಬೆಳಗ್ಗೆ ಮಳೆನೀರನ್ನು ಹಳೆಯ ಪಂಚೆಯಲ್ಲಿ ಸೋಸಿ, ಚೊಂಬಿನಿಂದ ನಿಧಾನವಾಗಿ ಹೊಯ್ಯುತ್ತೇನೆ. ಬೋರ್‌ವೆಲ್ ನೀರು ಬೇಡ, ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ಕಂಠಮಟ್ಟ ತುಂಬಿದರೆ ಹೆಚ್ಚಾದದ್ದನ್ನು ಗಾಡಿಯೇ ಉಗುಳುತ್ತದೆ. ಮೇಲಿನ ಹೋಸ್ ಬಾಯಿಗಿಂತ ಕೆಳಗಿಳಿದರೆ ನೀರಿನ ಓಡಾಟವೇ ನಿಲ್ಲುತ್ತದೆ. ನಡುವಿನ ಆ ನಾಲ್ಕು ಬೆರಳಿನ ಲೆಕ್ಕ ಈಗ ಹೊಯ್ಯುವ ಸದ್ದಿನಲ್ಲೇ ತಿಳಿಯುತ್ತದೆ. ಕಾಫಿ ಡಿಕಾಕ್ಷನ್ನಿಗೂ ಇಷ್ಟು ತಾಳ್ಮೆ ತೋರಿಸಿದವರಲ್ಲ ಎನ್ನುತ್ತಾಳೆ ಹೆಂಡತಿ.

ಹೋದ ತಿಂಗಳು ನಂದಿ ಏರಿದಾಗ ಕೆಂಪು ಗೆರೆ ನಡುವಿನ ವೃತ್ತ ದಾಟಲಿಲ್ಲ. ಕೊಳ್ಳುವವರು ಸೋರಿಕೆಯ ಪರೀಕ್ಷೆಯನ್ನಷ್ಟೇ ನೋಡಿ ದುಡ್ಡು ಎಣಿಸಬೇಡಿ, ಫಿನ್‌ಗೆ ಉಗುರು ಹಾಕಿ ನೋಡಿ. ಐದರಲ್ಲಿ ಮೂರು ನಕ್ಷತ್ರ, ಅವೂ ಬೆಸುಗೆ ಹಾಕಿದವರಿಗೆ.