ಎಂಟು ಹಂತ, ಒಂದು ಹಾಳೆ: ಸಮಸ್ಯೆ ಬಿಡಿಸುವುದನ್ನು ಕಲಿಸುವ ಎರಡು ದಿನಗಳ ತರಬೇತಿ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಕಳೆದ ವರ್ಷ ಸಹೋದ್ಯೋಗಿಗಳಿಬ್ಬರೊಂದಿಗೆ ಈ ತರಬೇತಿಗೆ ಹೋಗಿದ್ದೆ. ಊಟವೂ ಸೇರಿ ಒಬ್ಬರಿಗೆ 4,500 ರೂಪಾಯಿ ಶುಲ್ಕ. ಕಲಿತದ್ದನ್ನು ಆರು ತಿಂಗಳು ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತರಬೇತಿ ಮುಗಿದ ಸಂಜೆಯೇ ಬರೆದಿದ್ದರೆ ಅದರ ಮುಖ್ಯ ಕೊರತೆ ನನಗೆ ಕಾಣುತ್ತಿರಲಿಲ್ಲ.

ಅಲ್ಲಿ ಕಲಿಸಿದ್ದು ಟೊಯೋಟಾ ಸಂಸ್ಥೆಯ ಎಂಟು ಹಂತಗಳ ಕ್ರಮವನ್ನು. ಸಮಸ್ಯೆಯನ್ನು ಸ್ಪಷ್ಟಪಡಿಸುವುದು, ಅದನ್ನು ಭಾಗ ಮಾಡುವುದು, ಗುರಿ ಗೊತ್ತುಪಡಿಸುವುದು, ಮೂಲ ಕಾರಣ ಹುಡುಕುವುದು, ಪರಿಹಾರ ಯೋಚಿಸುವುದು, ಅದನ್ನು ಜಾರಿಗೆ ತರುವುದು, ಫಲವನ್ನು ಪರೀಕ್ಷಿಸುವುದು, ಕೊನೆಗೆ ಅದನ್ನೇ ಕೆಲಸದ ನಿಯಮವಾಗಿಸುವುದು. ಇಷ್ಟನ್ನೂ 297×420 ಮಿಲಿಮೀಟರ್ ಅಳತೆಯ ಒಂದೇ ಎ3 ಹಾಳೆಯಲ್ಲಿ ಬರೆಯಬೇಕು. ಜಾಗ ಕಡಿಮೆಯಿರುವುದರಿಂದ ಗೊತ್ತಿರುವುದನ್ನು ಮಾತ್ರ ಬರೆಯುತ್ತೇವೆ, ಊಹೆಗೆ ಎಡೆಯಿರುವುದಿಲ್ಲ.

ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ನಿಜವಾಗಿ ಕಾಡುತ್ತಿರುವ ಒಂದು ಸಮಸ್ಯೆಯನ್ನು ತರಲೇಬೇಕೆಂದು ಸಂಘಟಕರು ಮೊದಲೇ ತಿಳಿಸಿದ್ದರು. ಈ ತರಬೇತಿಯ ಬೆಲೆ ಇರುವುದೇ ಇದರಲ್ಲಿ. ನಾನು ಒಯ್ದ ಹಾಳೆಯಲ್ಲಿ ‘ಶಾಫ್ಟ್‌ಗಳ ರಿಜೆಕ್ಷನ್ ಜಾಸ್ತಿಯಾಗಿದೆ, ಆಪರೇಟರ್‌ಗಳು ಗಮನ ಕೊಡುತ್ತಿಲ್ಲ’ ಎಂದಿತ್ತು (ಶಾಫ್ಟ್ ಎಂದರೆ ಯಂತ್ರದೊಳಗೆ ತಿರುಗುವ ದಂಡ; ರಿಜೆಕ್ಷನ್ ಎಂದರೆ ತಪಾಸಣೆಯಲ್ಲಿ ತಿರಸ್ಕೃತವಾಗುವುದು). ತರಬೇತುದಾರರು ಎರಡನೆಯ ಭಾಗವನ್ನು ಹೊಡೆದುಹಾಕಿ, ಅದು ಸಮಸ್ಯೆಯಲ್ಲ, ನಿಮ್ಮ ತೀರ್ಮಾನ ಎಂದರು. ಎಷ್ಟಿರಬೇಕಿತ್ತು, ಎಷ್ಟಾಗಿದೆ, ಯಾವ ಯಂತ್ರದಲ್ಲಿ, ಯಾವ ಪಾಳಿಯಲ್ಲಿ, ಎಷ್ಟು ಗಂಟೆಗೆ ಎಂದು ಒಂದೊಂದಾಗಿ ಕೇಳಿದರು. ನನ್ನ ಬಳಿ ತಿಂಗಳ ಒಟ್ಟು ಲೆಕ್ಕ ಬಿಟ್ಟು ಬೇರೇನೂ ಇರಲಿಲ್ಲ. ಅಂದು ರಾತ್ರಿ ಕಾರ್ಖಾನೆಗೆ ಹೋಗಿ ತಪಾಸಣೆಯ ಪುಸ್ತಕ ತೆರೆದು ಗಂಟೆವಾರು ಗುರುತು ಹಾಕಿದಾಗ, ಅಳತೆ ತಪ್ಪಿದ ಶಾಫ್ಟ್‌ಗಳಲ್ಲಿ ಹೆಚ್ಚಿನವು ಒಂದೇ ಸಿಎನ್‌ಸಿ ಲೇತ್‌ನಲ್ಲಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ಬೆಳಗಿನ ಪಾಳಿಯ ಮೊದಲ ಅರ್ಧ ಗಂಟೆಯಲ್ಲಿ ತಯಾರಾದವು ಎಂಬುದು ತಿಳಿಯಿತು.

ಮರುದಿನ ‘ಏಕೆ’ ಎಂದು ಐದು ಸಲ ಕೇಳುವ ಅಭ್ಯಾಸ. ಇದಕ್ಕೆ ಟೊಯೋಟಾದ ಉತ್ಪಾದನಾ ಕ್ರಮವನ್ನು ರೂಪಿಸಿದ ಎಂಜಿನಿಯರ್ ತೈಚಿ ಓನೋ ಅವರ ಪ್ರಸಿದ್ಧ ಉದಾಹರಣೆಯನ್ನೇ ಕೊಟ್ಟರು. ಯಂತ್ರ ನಿಂತದ್ದು ಫ್ಯೂಸ್ ಹೋದದ್ದರಿಂದ. ಫ್ಯೂಸ್ ಹೋದದ್ದು ಬೇರಿಂಗ್‌ಗೆ ಎಣ್ಣೆ ಸಾಲದೆ ಹೊರೆ ಹೆಚ್ಚಾದದ್ದರಿಂದ. ಎಣ್ಣೆ ಸಾಲದಿದ್ದುದು ಪಂಪ್ ಎತ್ತದೆ ಹೋದದ್ದರಿಂದ. ಪಂಪ್ ಎತ್ತದಿದ್ದುದು ಅದರ ಶಾಫ್ಟ್ ಸವೆದದ್ದರಿಂದ. ಶಾಫ್ಟ್ ಸವೆದದ್ದು ಜಾಲರಿಯಿಲ್ಲದೆ ಲೋಹದ ಚೂರು ಒಳನುಗ್ಗಿದ್ದರಿಂದ. ಫ್ಯೂಸ್ ಬದಲಿಸಿ ಸುಮ್ಮನಾಗಿದ್ದರೆ ಯಂತ್ರ ಮತ್ತೆ ನಿಲ್ಲುತ್ತಿತ್ತು. ನಮ್ಮ ಲೇತ್‌ನಲ್ಲಿಯೂ ಹೀಗೆಯೇ ಕೇಳುತ್ತಾ ಹೋದೆವು. ಸಂಜೆ ಬಿಸಿಯಾಗಿದ್ದ ಯಂತ್ರಕ್ಕೆ ಕೊಟ್ಟ ಆಫ್‌ಸೆಟ್‌ನಲ್ಲಿಯೇ (ಕತ್ತರಿಸುವ ಉಪಕರಣದ ಸ್ಥಾನವನ್ನು ಸರಿಹೊಂದಿಸುವ ಅಳತೆ) ಬೆಳಿಗ್ಗೆ ತಣ್ಣಗಿನ ಯಂತ್ರವನ್ನು ಓಡಿಸಲಾಗುತ್ತಿತ್ತು. ಪಾಳಿಯ ಉತ್ಪಾದನೆಯ ಲೆಕ್ಕ ಮೊದಲ ನಿಮಿಷದಿಂದಲೇ ಶುರುವಾಗುತ್ತಿದ್ದುದರಿಂದ ಯಂತ್ರ ಬಿಸಿಯಾಗುವವರೆಗೆ ನಿಲ್ಲಲು ಆಪರೇಟರ್‌ಗೆ ಅವಕಾಶವೇ ಇರಲಿಲ್ಲ. ಲೆಕ್ಕದ ನಿಯಮ ಮಾಡಿದವರು ನಾವು. ಅಷ್ಟು ದಿನ ದೂರಿದ್ದು ಆಪರೇಟರ್‌ಗಳನ್ನು. ಯಂತ್ರವನ್ನು 15 ನಿಮಿಷ ಖಾಲಿ ಓಡಿಸಿ, ಮೊದಲ ಶಾಫ್ಟನ್ನು ಅಳೆದು ಮುಂದುವರಿಯುವ ಏರ್ಪಾಡು ಮಾಡಿದ ಮೇಲೆ ಬೆಳಗಿನ ರಿಜೆಕ್ಷನ್ ಬಹುಮಟ್ಟಿಗೆ ನಿಂತಿತು.

ಈ ಕ್ರಮ ಮನೆಯಲ್ಲಿಯೂ ಉಪಯೋಗಕ್ಕೆ ಬಂದಿದೆ. ನಮ್ಮ ಓವರ್‌ಹೆಡ್ ಟ್ಯಾಂಕ್ ದಿನವೂ ಬೆಳಗಾಗುವಷ್ಟರಲ್ಲಿ ಬರಿದಾಗುತ್ತಿತ್ತು. ನಾವು ಮೋಟಾರನ್ನು ಎರಡು ಸಲ ರಿಪೇರಿ ಮಾಡಿಸಿದ್ದೆವು. ಎಷ್ಟು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳನ್ನು ಇಲ್ಲಿಯೂ ಕೇಳಿಕೊಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರಿನ ಮಟ್ಟವನ್ನು ಗುರುತು ಮಾಡಿ ಬೆಳಿಗ್ಗೆ ನೋಡಿದಾಗ, ಯಾರೂ ಬಳಸದೆಯೇ ನೀರು ಇಳಿದಿತ್ತು. ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿಯನ್ನು ನಾಲ್ಕು ಹನಿ ಹಾಕಿ ಕಾಯ್ದೆವು; ಯಾರೂ ಒತ್ತದಿದ್ದರೂ ಕಮೋಡಿನಲ್ಲಿ ನೀಲಿ ಕಾಣಿಸಿತು. ಸವೆದ ರಬ್ಬರ್ ವಾಷರ್ ಬದಲಿಸಿದ್ದಷ್ಟೇ.

ಇನ್ನು ಕೊರತೆಗಳು. ಮಾದರಿ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಲಿತವರಲ್ಲಿ ಅರ್ಧದಷ್ಟು ಮಂದಿ ಯಂತ್ರದ ಮುಂದೆ ನಿಲ್ಲುವವರು, ಕನ್ನಡದಲ್ಲಿ ಯೋಚಿಸುವವರು. ಬಾಯಿಮಾತಿನಲ್ಲಿ ಚುರುಕಾಗಿ ಕಾರಣ ಹೇಳಿದವರೇ ಬರೆಯುವಾಗ ಪೆನ್ನು ಕೆಳಗಿಟ್ಟದ್ದನ್ನು ನೋಡಿ ನನಗೆ ಬಹಳ ಬೇಸರವಾಯಿತು. ಇದಕ್ಕಿಂತ ದೊಡ್ಡ ಲೋಪವೆಂದರೆ, ಕೊನೆಯ ಎರಡು ಹಂತಗಳನ್ನು ಎರಡನೆಯ ದಿನದ ಕಡೆಯ ಮುಕ್ಕಾಲು ಗಂಟೆಯಲ್ಲಿ ಅವಸರವಾಗಿ ಮುಗಿಸಿದ್ದು. ಆ ಅವಸರಕ್ಕೆ ನಾವು ಮೂರನೆಯ ತಿಂಗಳಲ್ಲಿ ಬೆಲೆ ತೆರಬೇಕಾಯಿತು. ಹಳೆಯ ಆಪರೇಟರ್ ಕೆಲಸ ಬಿಟ್ಟು ಹೊಸಬರು ಬಂದಾಗ, ಯಂತ್ರವನ್ನು ಖಾಲಿ ಓಡಿಸುವ ವಿಷಯ ಎಲ್ಲಿಯೂ ಬರೆದಿರದ ಕಾರಣ, ಅಳತೆ ತಪ್ಪಿದ ಶಾಫ್ಟ್‌ಗಳು ಮತ್ತೆ ಟ್ರೇ ತುಂಬಿದವು. ಈಗ ಆ ಸೂಚನೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಲೇತ್‌ನ ಬಾಗಿಲ ಮೇಲಿದೆ. ಪಾಳಿಯ ಲೆಕ್ಕದಿಂದ ಆ 15 ನಿಮಿಷವನ್ನು ಕಳೆಯಲು ಮಾಲೀಕರೂ ಒಪ್ಪಿದ್ದಾರೆ.

ಹೋಗಬೇಕೆಂದಿರುವವರು ಒಬ್ಬರೇ ಹೋಗದೆ, ಸಮಸ್ಯೆ ಇರುವ ಜಾಗದಲ್ಲಿ ದಿನವೂ ನಿಲ್ಲುವ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕನಿಷ್ಠ ಎರಡು ವಾರಗಳ ಗಂಟೆವಾರು ಲೆಕ್ಕ ಕೈಯಲ್ಲಿರಲಿ. ಒಂದು ತಿಂಗಳ ನಂತರ ಅರ್ಧ ದಿನದ ಮರುಭೇಟಿಯನ್ನು ಸಂಘಟಕರು ಸೇರಿಸಿದರೆ ನಮ್ಮ ಉಳಿದ ಆಪರೇಟರ್‌ಗಳನ್ನೂ ಕಳುಹಿಸುತ್ತೇನೆ.