ಹನಿ ದುಂಡಗಿದ್ದರೆ ಸಾಲದು, ಉರುಳಬೇಕು: ಎರಡು ಡಬ್ಬಿಯ ಸೂಪರ್ ಹೈಡ್ರೋಫೋಬಿಕ್ ಸ್ಪ್ರೇ, ದೀರ್ಘ ಬಳಕೆಯ ನಂತರ

ಬೇಸ್ ಕೋಟ್ ಒಂದು ಡಬ್ಬಿ, ಟಾಪ್ ಕೋಟ್ ಇನ್ನೊಂದು ಡಬ್ಬಿ. ಹೀಗೆ ಜೋಡಿಯಾಗಿ ಸಿಗುವ, ನೀರನ್ನು ನಿಲ್ಲಗೊಡದ ಸ್ಪ್ರೇ ಇದು. ಅಲ್ಯೂಮಿನಿಯಂ ತಗಡು, ಪೇಂಟ್ ಹೊಡೆದ ಮರ, ಗಾಜು, ಹತ್ತಿ ಬಟ್ಟೆ ಇವುಗಳ ಮೇಲೆ ವರ್ಷಕ್ಕೂ ಮೀರಿ ಬಳಸಿದ ಮೇಲಿನ ತೀರ್ಪು: ಕೈ ತಾಗದ, ಉಜ್ಜಾಟವಿಲ್ಲದ ಜಾಗಕ್ಕೆ ಧಾರಾಳವಾಗಿ ಕೊಳ್ಳಿ. ಗಾಜಿಗೆ ಬೇಡ. ದಿನವೂ ಕೈಯಾಡುವ ವಸ್ತುಗಳಿಗೂ ಬೇಡ.

ಇದರ ಶಕ್ತಿಯೂ ದೌರ್ಬಲ್ಯವೂ ಒಂದೇ ಕಡೆ ಇವೆ: ಒರಟುತನದಲ್ಲಿ. ನಯವಾದ ಮೇಲ್ಮೈಗೆ ಎಂಥ ಫ್ಲೋರಿನ್ ರಾಸಾಯನಿಕ ಬಳಿದರೂ ನೀರಿನ ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ, ಹೆಚ್ಚಿದಷ್ಟೂ ಹನಿ ದುಂಡಗೆ) ಸುಮಾರು 120 ಡಿಗ್ರಿ ದಾಟುವುದಿಲ್ಲ. ಸೂಪರ್ ಹೈಡ್ರೋಫೋಬಿಕ್ ಎನಿಸಿಕೊಳ್ಳಲು 150ರ ಮೇಲೆ ಹೋಗಬೇಕಾದರೆ ಒರಟು ರಚನೆ ಬೇಕೇ ಬೇಕು. ಟಾಪ್ ಕೋಟ್‌ನಲ್ಲಿರುವ ನೀರೊಲ್ಲದ ಸಿಲಿಕಾ ಕಣಗಳು ಕಟ್ಟುವುದು ಆ ರಚನೆಯನ್ನೇ. ಬೇಸ್ ಕೋಟ್ ಅವನ್ನು ಹಿಡಿದಿಡುವ ಅಂಟು, ಅಷ್ಟೇ.

ಹಾಗೆಂದು ಒರಟು ಮಾಡಿದ್ದೆಲ್ಲ ನೀರನ್ನು ದೂಡುತ್ತದೆ ಎಂದುಕೊಳ್ಳಬಾರದು. ವಿಜ್ಞಾನಿ ವೆಂಜೆಲ್ 1936ರಲ್ಲಿ ತೋರಿಸಿದಂತೆ, ಒರಟುತನ ಮೇಲ್ಮೈಯ ಮೂಲ ಸ್ವಭಾವವನ್ನೇ ಹೆಚ್ಚಿಸುತ್ತದೆ. ನಿಜವಾದ ವಿಸ್ತೀರ್ಣವು ಕಣ್ಣಿಗೆ ಕಾಣುವ ವಿಸ್ತೀರ್ಣದ 1.5 ಪಟ್ಟು ಇದ್ದರೆ, ನಯವಾಗಿದ್ದಾಗ 110 ಡಿಗ್ರಿ ಇದ್ದ ಕೋನ 121ಕ್ಕೆ ಏರುತ್ತದೆ. 60 ಇದ್ದದ್ದು 41ಕ್ಕೆ ಇಳಿಯುತ್ತದೆ. ಆದ್ದರಿಂದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದ ಲೋಹದ ಮೇಲೆ ಸ್ಪ್ರೇ ತಲುಪದೆ ಉಳಿದ ಚುಕ್ಕೆಗಳು, ಉಜ್ಜದಿದ್ದಾಗಿನದಕ್ಕಿಂತ ಹೆಚ್ಚು ನೀರನ್ನು ಹಿಡಿದುಕೊಳ್ಳುತ್ತವೆ. ಅಂಚು ಮತ್ತು ಮೂಲೆಗಳಲ್ಲಿ ಮೊದಲ ಸೋಲು ಕಾಣುವುದು ಇದರಿಂದಲೇ.

ಈ ಸ್ಪ್ರೇ ನೆಚ್ಚಿಕೊಂಡಿರುವುದು ವಿಜ್ಞಾನಿಗಳಾದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲಿ ವಿವರಿಸಿದ ಸ್ಥಿತಿಯನ್ನು. ಹನಿ ಕಣಗಳ ತುದಿಯ ಮೇಲೆ ಕೂರುತ್ತದೆ, ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಮೂಲ ಕೋನ 110 ಡಿಗ್ರಿ ಇದ್ದು, ಹನಿಯ ತಳದ 20 ಶೇಕಡಾ ಮಾತ್ರ ಘನಕ್ಕೆ ತಾಗಿದರೆ ಕೋನ 150. 10 ಶೇಕಡಾ ತಾಗಿದರೆ 159. ಗಾಳಿ ಇರುವಷ್ಟು ಹೊತ್ತು ಆಟ ನಡೆಯುತ್ತದೆ.

ಹೊಡೆಯುವಾಗ ಹೆಚ್ಚು ಕೆಡುವುದು ಎರಡು ಕೋಟ್‌ಗಳ ನಡುವಿನ ಸಮಯ. ಬೇಸ್ ಕೋಟ್ ಇನ್ನೂ ಹಸಿಯಾಗಿದ್ದರೆ ಕಣಗಳು ಅದರೊಳಗೆ ಮುಳುಗುತ್ತವೆ, ಒರಟುತನವೇ ಹೂತುಹೋಗುತ್ತದೆ. ತೀರಾ ಗಟ್ಟಿಯಾದ ಮೇಲೆ ಹೊಡೆದರೆ ಕಣಗಳು ಹಿಡಿಯದೆ ಬೆರಳಿಗೆ ಬಿಳಿ ಪುಡಿಯಾಗಿ ಬರುತ್ತವೆ. ಮುಟ್ಟಿದರೆ ಅಂಟದಷ್ಟು ಒಣಗಲು ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಟಾಪ್ ಕೋಟನ್ನು 20–30 ಸೆಂಟಿಮೀಟರ್ ದೂರದಿಂದ, ಒಂದೆರಡು ನಿಮಿಷ ಬಿಟ್ಟು ಬಿಟ್ಟು ಮೂರು ತೆಳು ಪದರವಾಗಿ ಕೊಡಿ. ಒಂದೇ ದಪ್ಪ ಪದರ ಹೊಡೆದರೆ ಒಣಗುವಾಗ ಬಿರುಕು ಬಿಡುತ್ತದೆ. ಕಡೆಗೆ ಒಂದು ರಾತ್ರಿ ಮುಟ್ಟಬೇಡಿ. ದ್ರಾವಕ ಬೆಂಕಿ ಹಿಡಿಯುವಂಥದ್ದು, ತೇಲುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ: ಗಾಳಿಯಾಡುವ ಜಾಗ, ಸರಿಯಾದ ರೆಸ್ಪಿರೇಟರ್ ಎರಡೂ ಬೇಕು. ಥರ್ಮೋಕೋಲ್ ಮೇಲೆ ಹೊಡೆಯಬೇಡಿ, ದ್ರಾವಕದಲ್ಲಿ ಕರಗಿಹೋಗುತ್ತದೆ.

ಗಾಜಿಗೆ ಬೇಡ ಎಂದದ್ದು ಮಂಜು ಕವಿದಂಥ ಬಿಳುಪಿನಿಂದಾಗಿ. ಕಣಗಳ ಗುಡ್ಡೆಗಳು ಬೆಳಕಿನ ತರಂಗಾಂತರದ ಅಳತೆಯವು, ಬೆಳಕನ್ನು ಚದುರಿಸುತ್ತವೆ. ಎಷ್ಟು ತೆಳುವಾಗಿ ಹೊಡೆದರೂ ಪೂರ್ತಿ ಹೋಗಲಿಲ್ಲ.

ಸವೆತವನ್ನು ಅಳೆಯಲು ಕೋನವನ್ನು ನಂಬಬೇಡಿ. ಸವೆದ ಜಾಗದಲ್ಲೂ ಹನಿ ದುಂಡಗೇ ಕೂರುತ್ತದೆ, ಆದರೆ ಕೆಲವು ಸಂದುಗಳಿಗೆ ನೀರು ಇಳಿದಿರುವುದರಿಂದ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಲಗೆ ನೆಟ್ಟಗೆ ನಿಲ್ಲಿಸಿದರೂ ಜಾರದು. ಜಾರುಕೋನವೇ, ಅಂದರೆ ಹನಿ ಉರುಳಲು ಹಲಗೆಯನ್ನು ಎಷ್ಟು ಓರೆ ಮಾಡಬೇಕೆಂಬುದೇ, ನಿಜ ಹೇಳುವುದು. ಇನ್ಸುಲಿನ್ ಸಿರಿಂಜ್ ಇದಕ್ಕೆ ಹೇಳಿ ಮಾಡಿಸಿದ ಸಾಧನ: ಯು-100 ಸಿರಿಂಜಿನ ಒಂದು ಯೂನಿಟ್ ಎಂದರೆ 10 ಮೈಕ್ರೋಲೀಟರ್. ದಪ್ಪ ಸೂಜಿಯಾದರೆ ಹನಿ ಸೂಜಿಗೇ ಅಂಟಿ ಕೆಳಗಿಳಿಯುವುದಿಲ್ಲ. ಕೆಲವೇ ಮಿಲಿಮೀಟರ್ ಎತ್ತರದಿಂದ ಹನಿ ಬಿಟ್ಟು, ಹಲಗೆಯನ್ನು ನಿಧಾನವಾಗಿ ಓರೆ ಮಾಡಿ, ಫೋನಿನ ಲೆವೆಲ್ ಆ್ಯಪ್‌ನಲ್ಲಿ ಕೋನ ಓದಿ. ಹೊಸ ಲೇಪನದಲ್ಲಿ 10 ಡಿಗ್ರಿಯೊಳಗೇ ಉರುಳಬೇಕು. 30 ದಾಟಿತೆಂದರೆ ಆ ಭಾಗದ ಕಥೆ ಮುಗಿಯುತ್ತಾ ಬಂದಿದೆ ಎಂದೇ ಲೆಕ್ಕ.

ಮಳೆಯನ್ನು ಇದು ಚೆನ್ನಾಗಿ ತಡೆಯಿತು, ಅದಕ್ಕೆ ಕಾರಣ ಸಂದುಗಳ ಸಣ್ಣ ಅಳತೆ. 2 ಮಿಲಿಮೀಟರ್ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬಡಿದಾಗ ಒತ್ತಡ ಸುಮಾರು 21 ಕಿಲೋಪಾಸ್ಕಲ್. 10 ಮೈಕ್ರಾನ್ ತ್ರಿಜ್ಯದ ಸಂದು 5 ಕಿಲೋಪಾಸ್ಕಲ್‌ಗೇ ನೀರು ಬಿಟ್ಟುಕೊಡುತ್ತದೆ, 1 ಮೈಕ್ರಾನ್‌ನದು 50ರವರೆಗೆ ತಡೆಯುತ್ತದೆ. ಬರೀ ಸ್ಯಾಂಡ್‌ಪೇಪರಿನ ಗೀರುಗಳ ಮೇಲೆ ನೀರೊಲ್ಲದ ಮೇಣ ಬಳಿದರೆ ಈ ಫಲ ಸಿಗದಿರುವುದು ಇದಕ್ಕೇ.

ಇಬ್ಬನಿ ಬೇರೆ ಮಾತು. ಅಲ್ಲಿ ಹನಿ ಮೇಲಿನಿಂದ ಬೀಳುವುದಿಲ್ಲ, ಸಂದಿನೊಳಗೇ ಹುಟ್ಟುತ್ತದೆ. ತಣ್ಣಗಿನ ತಗಡು ಬೆಳಗ್ಗೆ ಪೂರ್ತಿ ಅಂಟುವ ಮೇಲ್ಮೈಯಾಗಿ, ಒಣಗಿದ ಮೇಲೆ ಮತ್ತೆ ಸರಿಹೋಗುತ್ತದೆ. ನೀರಿನಡಿ ಮುಳುಗಿಸಿಟ್ಟರೆ ಬೆಳ್ಳಿಯಂತೆ ಹೊಳೆಯುವ ಗಾಳಿಪದರ ನಿಧಾನವಾಗಿ ನೀರಿನಲ್ಲಿ ಕರಗಿಹೋಗುತ್ತದೆ, ಹಾಗಾಗಿ ಸದಾ ಮುಳುಗಿರುವ ಭಾಗಗಳಿಗೆ ಈ ಸ್ಪ್ರೇ ಸಲ್ಲದು.

ಸೋಪು, ಎಣ್ಣೆ, ಆಲ್ಕೋಹಾಲ್ ಮೂರೂ ಇದರ ಶತ್ರುಗಳು. ನೀರಿನ ಮೇಲ್ಮೈ ಎಳೆತ (ಹನಿಯನ್ನು ದುಂಡಗಿಡುವ ಬಲ) ಮೀಟರಿಗೆ 72.8 ಮಿಲಿನ್ಯೂಟನ್, ಎಥನಾಲ್‌ನದು ಕೇವಲ 22. ಅದು ನೇರ ಸಂದಿಗೇ ಇಳಿಯುತ್ತದೆ. ಎಥನಾಲ್ ಆರಿಹೋಗುತ್ತದೆ, ಎಣ್ಣೆ ಆರುವುದಿಲ್ಲ. ಒಮ್ಮೆ ಎಣ್ಣೆ ಕುಡಿದ ಜಾಗದ ಮೇಲೆ ಟಾಪ್ ಕೋಟ್ ಮತ್ತೆ ಹೊಡೆಯುವುದು ದಂಡ. ಜೀವಂತ ತಾವರೆ ಎಲೆ ಸವೆದ ಮೇಣವನ್ನು ಮತ್ತೆ ಸ್ರವಿಸಿಕೊಳ್ಳುತ್ತದೆ, ಈ ಲೇಪನಕ್ಕೆ ಆ ಶಕ್ತಿ ಇಲ್ಲ. ಬುಡಸಮೇತ ಕೆರೆದು ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬೇಸ್ ಕೋಟ್‌ನಿಂದಲೇ ಶುರು ಮಾಡಬೇಕು. ಎಣ್ಣೆ ತಾಗದೆ ಬರೀ ಸವೆದಿರುವ ಜಾಗವಾದರೆ ಧೂಳು ತೊಳೆದು, ಒಣಗಿಸಿ, ಎರಡೂ ಕೋಟ್‌ಗಳನ್ನು ತೆಳುವಾಗಿ ಕೊಟ್ಟರೆ ಸಾಕು. ಟಾಪ್ ಕೋಟ್‌ಗೆ ಮೂರು ಪದರ ಬೇಕಾಗುವುದರಿಂದ ಆ ಡಬ್ಬಿಯೇ ಬೇಗ ಖಾಲಿಯಾಗುತ್ತದೆ. ಅದನ್ನು ಬಿಡಿಯಾಗಿ ಮಾರುವ ಕಂಪನಿಯದನ್ನೇ ಆರಿಸಿಕೊಳ್ಳಿ.